ಗಡ್ಡದಯ್ಯನ ಚಳಿನಿದ್ದೆ

ಡಿಸೆಂಬರ್ ಬಂತೆಂದರೆ ಡಲ್ಲಾಸ್‌ನ ಮನೆಗಳಲ್ಲಿ ಸಾಕಿದ ಎಷ್ಟೋ ಬಿಯರ್ಡೆಡ್ ಡ್ರ್ಯಾಗನ್ ಎಂಬ ಗಡ್ಡದ ಓತಿಗಳಿಗೆ ಕುಂಭಕರ್ಣನ ಯೋಗ. ಕರೆದರೆ ಓಗೊಡವು, ಹುಳ ಇಟ್ಟರೆ ಮೂಸವು. ಹೊಸದಾಗಿ ಸಾಕಿದವರು ‘ಅಯ್ಯೋ, ಹೋಯ್ತಲ್ಲಪ್ಪಾ!’ ಎಂದು ಎತ್ತಿಕೊಂಡರೆ, ಪ್ರಾಣಿ ಒಂದು ಕಣ್ಣು ಅರೆತೆರೆದು, ಮತ್ತೆ ಮುಚ್ಚುತ್ತದೆ. ಇದೇ ಬ್ರೂಮೇಶನ್, ಸರೀಸೃಪಗಳ ಚಳಿನಿದ್ದೆ.

ಈ ಗಡ್ಡದಯ್ಯನ ತವರು ಆಸ್ಟ್ರೇಲಿಯಾದ ಒಣ ಒಳನಾಡು. ಆದರೂ ಬೇಲಿಯ ಮೇಲೆ ತಲೆಯಾಡಿಸುವ ನಮ್ಮ ಓತಿಕ್ಯಾತ, ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯ ಹಾರುವ ಓತಿ ಎಲ್ಲವೂ ಇದರ ದಾಯಾದಿಗಳೇ, ಕುಟುಂಬ ಅಗಾಮಿಡೇ.

ನಿದ್ದೆಗೆ ಜಾರಿದ ಪ್ರಾಣಿಗೆ ‘ಇನ್ನೊಂದು ತುತ್ತು’ ಎಂಬ ಉಪಚಾರ ಸಲ್ಲದು. ಮೈ ತಣ್ಣಗಾದರೆ ಉಂಡದ್ದು ಜೀರ್ಣವಾಗದೆ ಹೊಟ್ಟೆಯಲ್ಲೇ ಕೊಳೆಯುತ್ತದೆ. ನೀರು ಇಡಬೇಕು, ಆಗಾಗ ತೂಗಬೇಕು. ತೂಕ ಸರ್ರನೆ ಇಳಿದರೆ ಅದು ನಿದ್ದೆಯಲ್ಲ, ಕಾಯಿಲೆ. ಪಶುವೈದ್ಯರ ಬಳಿಗೆ ಓಡಬೇಕು.

ಚಳಿನಿದ್ದೆ ಬೇರೆ, ಕೊರೆಯುವ ಚಳಿ ಬೇರೆ. 2021ರ ಫೆಬ್ರುವರಿಯ ಹಿಮಬಿರುಗಾಳಿಗೆ ಟೆಕ್ಸಾಸ್‌ನ ಡಲ್ಲಾಸ್ ಮಾತ್ರವಲ್ಲ, ಹ್ಯೂಸ್ಟನ್, ಆಸ್ಟಿನ್‌ಗಳಲ್ಲೂ ಕರೆಂಟು ಹೋಯಿತು. ಡಲ್ಲಾಸ್‌ನಲ್ಲಿ 16ರಂದು ಮೈನಸ್ 19 ಡಿಗ್ರಿ ಸೆಲ್ಸಿಯಸ್! ದೀಪವನ್ನೇ ಸೂರ್ಯನೆಂದು ನಂಬಿದ ಜೀವಕ್ಕೆ ಅಂಥ ಹೊತ್ತಲ್ಲಿ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯೇ ಗತಿ.

ಚಳಿನಿದ್ದೆಯಿಂದ ಎದ್ದ ಮೇಲೆ ರಾಜೋಪಚಾರ: ಉಗುರುಬೆಚ್ಚಗಿನ ಸ್ನಾನ, ಯುವಿಬಿ ದೀಪ, ಸುಮಾರು 40 ಡಿಗ್ರಿಗೆ ಕಾದ ಕಲ್ಲು. ಮೈ ಕಾದ ಮೇಲೆ ಸೊಪ್ಪು, ಆಮೇಲೆ ಕ್ಯಾಲ್ಸಿಯಂ ಪುಡಿ ಹಚ್ಚಿದ ಡುಬಿಯಾ ಜಿರಳೆ. ಅಡುಗೆಮನೆಯಲ್ಲಿ ಜಿರಳೆ ಕಂಡರೆ ಪೊರಕೆ ಎತ್ತುವ ಅಮ್ಮನೇ ಇಲ್ಲಿ ದುಡ್ಡು ಕೊಟ್ಟು ಡಬ್ಬಿಗಟ್ಟಲೆ ಜಿರಳೆ ತರುತ್ತಾಳೆ. ಸಾಲದೆಂದು ಅವಕ್ಕೂ ಕ್ಯಾರೆಟ್ ಹೆಚ್ಚಿ ಹಾಕುತ್ತಾಳೆ!