ಮೈಲುತುತ್ತ–ಸುಣ್ಣ ಸಂಬಂಧ ಮೀಮಾಂಸೆ

ಅಯಾನುಗಳ ವಿದ್ಯುದಾವೇಶವನ್ನು ಪಾಶ್ಚಾತ್ಯರು ಪ್ರಯೋಗಶಾಲೆಯಲ್ಲಿ ಕಂಡುಹಿಡಿದರೆಂಬುದು ಪೂರ್ವಪಕ್ಷ. ಸಾಗರದ ಅಡಿಕೆ ಮಂಡಿಯ ಖಾತೆ ಪುಸ್ತಕದಲ್ಲಿ ಅದು ಮೊದಲೇ ಇತ್ತೆಂಬುದು ನಮ್ಮ ಸಿದ್ಧಾಂತ. ಎಲೆಕ್ಟ್ರಾನು ಕಳೆದುಕೊಂಡ ಪರಮಾಣುವಿಗೆ ಧನ ಚಿಹ್ನೆ ಏಕೆಂದು ಎಸ್ಸೆಸ್ಸೆಲ್ಸಿ ಮಕ್ಕಳು ತಲೆ ಕೆರೆದುಕೊಳ್ಳುತ್ತಾರೆ. ಮಂಡಿಗೆ ಅಡಿಕೆ ಹಾಕಿದವನ ಹೆಸರಿಗೆ ಜಮೆ, ಮುಂಗಡ ಎತ್ತಿದವನ ಹೆಸರಿಗೆ ಬಾಕಿ, ಇದರಲ್ಲಿ ಕೆರೆದುಕೊಳ್ಳುವಂಥದ್ದೇನಿದೆ?

ಪ್ರಮಾಣಕ್ಕೆ, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ–ಸುಣ್ಣದ ಬೋರ್ಡೋ ದ್ರಾವಣವನ್ನೇ ತೆಗೆದುಕೊಳ್ಳಿ. ತಾಮ್ರ ಎರಡು ಎಲೆಕ್ಟ್ರಾನು ಕೊಟ್ಟು ಎರಡು ಜಮೆಯಲ್ಲಿದೆ. ಸಲ್ಫೇಟೆಂಬುದು ಒಂದು ಗಂಧಕ, ನಾಲ್ಕು ಆಕ್ಸಿಜನ್‌ಗಳ ಜಂಟಿ ಖಾತೆ. ಐವರದೂ ಸೇರಿ ಬಾಕಿ ಎರಡು. ಒಂದಕ್ಕೊಂದು ಚುಕ್ತಾ, ಅದೇ ಮೈಲುತುತ್ತ. ಸುಣ್ಣದ ಕ್ಯಾಲ್ಸಿಯಂ ಕೂಡ ಎರಡು ಜಮೆಯ ಕುಳವೇ, ಆದರೆ ಹೈಡ್ರಾಕ್ಸೈಡಿನ ಬಾಕಿ ಒಂದೇ. ಆದ್ದರಿಂದ ಇಬ್ಬರು ಹೈಡ್ರಾಕ್ಸೈಡರನ್ನು ಕರೆತಂದು, ಆವರಣದೊಳಗೆ ಕೂರಿಸಿ, ಹೊರಗೆ ಕೆಳಗಡೆ ಸಣ್ಣದಾಗಿ ಎರಡು ಎಂದು ಬರೆಯತಕ್ಕದ್ದು. ಆವರಣ ಮರೆತರೆ ಆ ಎರಡು ಬರೀ ಹೈಡ್ರೋಜನ್ನಿಗೆ ಅಂಟಿ, ಆಕ್ಸಿಜನ್ ಒಂಟಿಯಾಗುತ್ತದೆ. (ಮೌಲ್ಯಮಾಪಕರು ಅಂಕ ಕಳೆಯುತ್ತಾರೆ, ಆ ಬಾಕಿ ಬೇರೆ.) ಎರಡನ್ನೂ ಡ್ರಮ್ಮಿನಲ್ಲಿ ಕಲಸಿದಾಗ ಸಾಲಗಾರರು ಅದಲುಬದಲಾಗಿ ತಾಮ್ರದ ಹೈಡ್ರಾಕ್ಸೈಡು, ಕ್ಯಾಲ್ಸಿಯಂ ಸಲ್ಫೇಟು ಹುಟ್ಟುತ್ತವೆ. ನಿಜಕ್ಕೂ ಆಗುವುದು ಇದಕ್ಕಿಂತ ಜಟಿಲ. ಪಠ್ಯಪುಸ್ತಕ ಅಷ್ಟಕ್ಕೇ ನಿಲ್ಲುತ್ತದೆ, ನಾವೂ ನಿಲ್ಲುತ್ತೇವೆ.

ಇತಿಹಾಸ ಚಿಕ್ಕದು. ಫ್ರಾನ್ಸಿನ ದ್ರಾಕ್ಷಿ ತೋಟದವರು ದಾರಿಹೋಕ ಕಳ್ಳರ ಕಾಟ ತಾಳಲಾರದೆ ಬಳ್ಳಿಗೆ ಈ ದ್ರಾವಣವನ್ನು ಎರಚುತ್ತಿದ್ದರು. 1880ರ ದಶಕದಲ್ಲಿ ಮಿಲಾರ್ಡೆ ಎಂಬ ಪಂಡಿತ ಅದನ್ನು ಕಂಡು ಔಷಧವಾಗಿಸಿದ. ಮೈಸೂರು ಸೀಮೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ಕೊಳೆರೋಗದ ಮೇಲೆ ಗ್ರಂಥವನ್ನೇ ಬರೆದರು. ಮಲೆನಾಡಿಗರು ಹಿಂದಿನಿಂದ ಅಡಿಕೆ ಕೊನೆಗೆ ಮಳೆ ತಾಗದಂತೆ ಹುಲ್ಲಿನ ಕೊಟ್ಟೆ ಕಟ್ಟುತ್ತಿದ್ದರು. ಕೊಟ್ಟೆಗೆ ಯಾವ ಆವೇಶವೂ ಇಲ್ಲ.

ಇನ್ನು ವಿವಾದ. ಸೂತ್ರದ ಪ್ರಕಾರ 1 ಕಿಲೋ ಮೈಲುತುತ್ತಕ್ಕೆ ಸುಮಾರು 300 ಗ್ರಾಂ ಅರಳಿದ ಸುಣ್ಣ ಸಾಕು. ತೋಟದವರು 100 ಲೀಟರ್ ನೀರಿಗೆ ಎರಡನ್ನೂ ಒಂದೊಂದು ಕಿಲೋ ಹಾಕುತ್ತಾರೆ. ಇದು ಸೂತ್ರದ ಅಜ್ಞಾನವಲ್ಲ, ತಾಮ್ರದ ಮೇಲಿನ ಅಪನಂಬಿಕೆ: ಬಿಡಾಡಿ ತಾಮ್ರ ಉಳಿದರೆ ಎಳೆಗಾಯಿ ಸುಡುತ್ತದೆ, ಹೆಚ್ಚಿನ ಸುಣ್ಣವೇ ಜಾಮೀನು. ಅದೂ ಸಾಲದೆ ಕತ್ತಿ ಅದ್ದಿ ನೋಡುತ್ತಾರೆ. ಅಲಗಿಗೆ ಕೆಂಪಗೆ ಹತ್ತಿಕೊಂಡರೆ, ಕಬ್ಬಿಣ ತನ್ನೆರಡು ಎಲೆಕ್ಟ್ರಾನನ್ನು ತಾಮ್ರಕ್ಕೆ ಕೊಟ್ಟು, ತಾನೇ ಅಯಾನಾಗಿ ಡ್ರಮ್ಮಿಗಿಳಿದಿದೆ ಎಂದರ್ಥ. ಮರ ಹತ್ತುವ ಕೊನೆಗೌಡ ಇಷ್ಟುದ್ದ ಹೇಳುವುದಿಲ್ಲ. ‘ಹೆಗ್ಡೇರೇ, ಸುಣ್ಣ ಸಾಲ್ದು’ ಎನ್ನುತ್ತಾನೆ.

ಉಳಿದದ್ದು ನೀರಿನ ಪ್ರಶ್ನೆ. ಮೈಲುತುತ್ತದ ಹರಳಿನಲ್ಲಿ ಪ್ರತಿ ತಾಮ್ರಕ್ಕೂ ಐದು ನೀರಿನ ಅಣು ಅಂಟಿಕೊಂಡಿವೆ. ಜಮೆಯೂ ಇಲ್ಲ, ಬಾಕಿಯೂ ಇಲ್ಲ, ತೂಕ ಮಾತ್ರ ಉಂಟು: ಕಿಲೋಗೆ ಸುಮಾರು 360 ಗ್ರಾಂ. ಮಳೆಯಲ್ಲಿ ತೀರ್ಥಹಳ್ಳಿಯ ಆಗುಂಬೆ ಮೇಲೋ, ಹೊಸನಗರದ ಹುಲಿಕಲ್ಲು ಮೇಲೋ ಎಂದು ಎರಡೂ ತಾಲೂಕಿನ ಪಂಡಿತರು ಜಗಳಾಡುವ ಜೂನ್ ತಿಂಗಳಲ್ಲಿ, ಎರಡೂ ಕಡೆಯ ತೋಟದವರು ಕೊಡೆ ಹಿಡಿದು ಅಂಗಡಿಗೆ ಬಂದು, ದುಡ್ಡು ಕೊಟ್ಟು ನೀರು ತೂಗಿಸಿಕೊಂಡು ಹೋಗುತ್ತಾರೆ.