ಮೇಲಿನ ಮನೆಯ ರೊಟ್ಟಿ

ವಿಜಯಪುರದ ಗಾಂಧಿ ಚೌಕದಲ್ಲಿ ಗದ್ದಲವೆಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆಟೋ ಹಾರ್ನು, ತಳ್ಳುಗಾಡಿಯವರ ಕೂಗು, ಸಂಕ್ರಾಂತಿ ಬಂತೆಂದರೆ ಸಿದ್ಧೇಶ್ವರ ಜಾತ್ರೆಯ ವಾದ್ಯ, ಎಲ್ಲ ಊರಿಗೆ ಸೇರಿದ್ದು. ಚೌಕದ ಹತ್ತಿರದ ಅಪಾರ್ಟ್‌ಮೆಂಟೊಂದರ ಎರಡನೇ ಮಹಡಿಯ ನಿವೃತ್ತ ಗಣಿತ ಮಾಸ್ತರರ ನಿದ್ದೆ ಕೆಡಿಸಿದ್ದು ಇವ್ಯಾವುವೂ ಅಲ್ಲ. ಮೇಲಿನ ಮನೆಯ ಜೋಳದ ರೊಟ್ಟಿ.

ನಸುಕಿಗೇ ಶುರು. ಮೊದಲು ನಿಧಾನಕ್ಕೆ ನಾಲ್ಕೈದು ಪೆಟ್ಟು, ಹಿಟ್ಟು ಅಗಲವಾದಂತೆ ಪಟಪಟನೆ ಓಟ, ಆಮೇಲೆ ಹಂಚಿಗೆ ಹಾಕುವಷ್ಟು ಬಿಡುವು. ಮಾಸ್ತರರು ಹಾಸಿಗೆಯಲ್ಲೇ ಲೆಕ್ಕ ಹಿಡಿಯುತ್ತಾರೆ: "ಇವತ್ತ ಇಪ್ಪತ್ತು ದಾಟ್ಯಾವ. ಬೀಗರು ಬಂದಿರಬೇಕು."

ಒಮ್ಮೆ ಹೋಗಿ ಕೇಳಿಯೂ ನೋಡಿದರು. "ಅಕ್ಕಾರ, ಸ್ವಲ್ಪ ಸಾವಕಾಶ ಬಡೀಲಿಕ್ಕೆ ಆಗಂಗಿಲ್ಲೇನ್ರಿ?"

"ಸಾವಕಾಶ ಬಡದ್ರ ಅದು ರೊಟ್ಟಿ ಆಗಂಗಿಲ್ರಿ ಮಾಸ್ತರ, ಹಿಟ್ಟಿನ ಮುದ್ದಿ ಆಕೈತಿ."

ಆ ತಾಯಿಯ ಮಾತಿನಲ್ಲಿ ತಪ್ಪಿಲ್ಲ. ತಪ್ಪೇನಿದ್ದರೂ ಕಟ್ಟಡದ್ದು. ಅಡುಗೆಮನೆಯ ಕಲ್ಲಿನ ಕಟ್ಟೆ ಗೋಡೆಯೊಳಗೆ ಹೂತಿದೆ, ಗೋಡೆ ಸ್ಲ್ಯಾಬಿನ ಮೇಲೆ ನಿಂತಿದೆ. ಅಂಗೈ ಪೆಟ್ಟು ಗಾಳಿಯಲ್ಲಿ ಅಲೆಯದೆ ನೇರ ಕಾಂಕ್ರೀಟಿಗೆ ಇಳಿದು, ಕೆಳಗಿನವರ ಛತ್ತನ್ನೇ ನಡುಗಿಸಿ ಸದ್ದಾಗುತ್ತದೆ. ಹಳೆಯ ಮನೆಗಳಲ್ಲಿ ಇದೇ ರೊಟ್ಟಿಯನ್ನು ನೆಲದ ಮೇಲೆ ಕೂತು ಬಡಿಯುತ್ತಿದ್ದರು. ಕೆಳಗೆ ಮಣ್ಣು, ಅದು ತಕರಾರು ಮಾಡುತ್ತಿರಲಿಲ್ಲ. ಎರಡಡಿ ದಪ್ಪದ ಕಲ್ಲುಮಣ್ಣಿನ ಗೋಡೆ ಪಕ್ಕದವರ ಜಗಳವನ್ನೂ ನುಂಗುತ್ತಿತ್ತು. ಗೋಡೆಯ ತೂಕ ಇಮ್ಮಡಿಯಾದರೆ ದಾಟಿ ಬರುವ ಮಾತಿನ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಈಗ ಎರಡು ಸಂಸಾರಗಳ ನಡುವೆ ಇರುವುದು ಪೊಳ್ಳು ಬ್ಲಾಕಿನ ಗೋಡೆ. ಯಾರ ಮನೆಯಲ್ಲಿ ಯಾವ ಧಾರಾವಾಹಿ ಎಂದು ಕೇಳಬೇಕಾಗಿಲ್ಲ.

ಪೆಟ್ಟಿನ ಸದ್ದಿಗಾದರೆ ದಪ್ಪವೊಂದೇ ಸಾಲದು. ನಮ್ಮಲ್ಲಿ ಸ್ಲ್ಯಾಬು ಸಾಮಾನ್ಯವಾಗಿ ಐದು ಇಂಚು. ದಕ್ಷಿಣ ಕೊರಿಯಾದ ಅಪಾರ್ಟ್‌ಮೆಂಟುಗಳಿಗೆ 210 ಮಿಲಿಮೀಟರ್, ಅಂದರೆ ಎಂಟು ಇಂಚಿಗೂ ಮಿಕ್ಕ ಸ್ಲ್ಯಾಬು ಕಡ್ಡಾಯ. ಆದರೂ ಮೇಲಿನವರ ಹೆಜ್ಜೆಯ ಮೇಲಿನ ದೂರು ಅಲ್ಲಿ ತಪ್ಪಿಲ್ಲ.

ಮಾಸ್ತರರು ಕಾನೂನನ್ನೂ ತಿರುವಿ ಹಾಕಿದರು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ವಸತಿ ಪ್ರದೇಶದಲ್ಲಿ 45 ಡೆಸಿಬಲ್, ವಾಣಿಜ್ಯ ಪ್ರದೇಶದಲ್ಲಿ 55. ಹತ್ತೇ ಅಂಕಿ ಎನ್ನಬೇಡಿ, ಕಿವಿಗೆ ಅದು ಹೆಚ್ಚುಕಡಿಮೆ ಇಮ್ಮಡಿ. ಕೆಳಗೆ ಬಟ್ಟೆ ಅಂಗಡಿ, ಮೇಲೆ ಮಲಗುವ ಕೋಣೆ ಇರುವ ಈ ಕಟ್ಟಡ ಯಾವ ಲೆಕ್ಕಕ್ಕೆ? ಧ್ವನಿವರ್ಧಕ, ಹಾರ್ನು, ಪಟಾಕಿಗಳ ಮಾತೆಲ್ಲ ಅಲ್ಲಿದೆ. ರೊಟ್ಟಿಯದೊಂದು ಇಲ್ಲ.

ಕಿಟಕಿ ಮುಚ್ಚಿದರೆ ರಸ್ತೆಯ ಸದ್ದಾದರೂ ನಿಲ್ಲಬೇಕಲ್ಲ? ಜಾರುವ ಅಲ್ಯೂಮಿನಿಯಂ ಕಿಟಕಿಯ ಸಂದು ಬಿಡದು. ಗೋಡೆಯ ನೂರನೇ ಒಂದು ಪಾಲು ತೆರೆದಿದ್ದರೂ ಸಾಕು, ಗೋಡೆ ಎಷ್ಟೇ ಗಟ್ಟಿಯಿರಲಿ, ತಡೆಯುವುದು 20 ಡೆಸಿಬಲ್ ಮಾತ್ರ. ಮೇ ತಿಂಗಳ ಧಗೆಯಲ್ಲಿ ಕಿಟಕಿ ಮುಚ್ಚುವವರಾದರೂ ಯಾರು?

ಕೊನೆಗೆ ಮಾಸ್ತರರೇ ದಪ್ಪನೆಯ ರಬ್ಬರು ಹಾಳೆ ತಂದು ಮೇಲಿನವರ ರೊಟ್ಟಿ ಹಲಗೆಯ ಕೆಳಗೆ ಹಾಸಿಕೊಟ್ಟರು. ಪೆಟ್ಟು ರಬ್ಬರಿನಲ್ಲೇ ಸೊರಗಿತು. ಆ ತಾಯಿ ಖುಷಿಯಿಂದ ಎರಡು ರೊಟ್ಟಿ, ಶೇಂಗಾ ಚಟ್ನಿ ಕಳಿಸಿದರು. ಆದರೆ ದೊಡ್ಡ ಸದ್ದು ಅಡಗಿದರೆ ಅದರಡಿ ಮುಚ್ಚಿಹೋಗಿದ್ದ ಸಣ್ಣವು ಎದ್ದು ಕೂರುತ್ತವೆ. ಪೈಪುಗಳು ಇಳಿಯುವ ಡಕ್ಟಿನಲ್ಲಿ ನಾಲ್ಕು ಮಹಡಿಯ ಫ್ಲಶ್ಶಿನ ಸಮಾಚಾರ ಈಗ ಮಾಸ್ತರರಿಗೆ ಮಹಡಿವಾರು ತಿಳಿಯುತ್ತಿದೆ.

ಪೈಪಿಗೆ ಸುತ್ತು ಹೊದಿಸಲು ಯಾರು ದುಡ್ಡು ಕೊಡಬೇಕೆಂದು ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಮೀಟಿಂಗ್ ಸೇರಿತು. ಇದೇ ಊರಿನ 1656ರ ಗೋಳಗುಮ್ಮಟದಲ್ಲಿ ಗುಂಡನೆಯ ಗೋಡೆಯ ಗುಂಟ ಹೋಗುವ ಪಿಸುಮಾತು ಆಚೆ ತುದಿಯಲ್ಲಿ ಸ್ಪಷ್ಟ ಕೇಳುತ್ತದೆ. ಇಲ್ಲಿ ಬರೀ ಕಾಂಕ್ರೀಟು. ಒಬ್ಬರ ಮಾತಿನ ಬಾಲ ಮತ್ತೊಬ್ಬರ ಮಾತಿನ ತಲೆಗೆ ಸಿಕ್ಕಿ ಯಾರ ಮಾತೂ ಯಾರಿಗೂ ತಿಳಿಯಲಿಲ್ಲ. ಕಾರ್ಯದರ್ಶಿಗಳು ಮಾತ್ರ ಬೇಜಾರಿಲ್ಲದೆ ಪುಸ್ತಕದಲ್ಲಿ ಬರೆದರು: "ಖರ್ಚನ್ನು ಎರಡನೇ ಮಹಡಿಯವರು ಭರಿಸಲು ಸರ್ವಾನುಮತದಿಂದ ಒಪ್ಪಲಾಯಿತು."