ಅಳತೆ ಮೀರಿದ ಅಂಗಿ

(ಹೊಸೂರು, ಬಾಗಲೂರು ರಸ್ತೆ. ಟೈಲರ್ ಅಂಗಡಿ.)

ಅಕ್ಕ: ಅಣ್ಣಾ, ಮಗ ಅಮೆರಿಕದಿಂದ ತಂದ ಅಂಗಿ. ಸೈಡಲ್ಲಿ ಸ್ವಲ್ಪ ಹಿಡೀಬೇಕು.

ಟೈಲರ್: ಸ್ವಲ್ಪಾನಾ? ಇದ್ರಲ್ಲಿ ಸೊಸೆಗೂ ಜಾಗ ಇದೆಯಲ್ಲಕ್ಕ!

ಅಕ್ಕ: ಅಲ್ಲಿ ಇದೇ ಸ್ಮಾಲಂತೆ. ಇದಕ್ಕಿಂತ ಚಿಕ್ಕದು ಬೇಕಂದ್ರೆ ಮಕ್ಕಳ ವಿಭಾಗ. ಎದೆ ಮೇಲೆ ಡೈನೋಸಾರ್.

ಟೈಲರ್: ಮ್ಯಾನೇಜರಲ್ವಾ ಅವನು?

ಅಕ್ಕ: ಹೂಂ, ಮೇಲೆ ಕೋಟು ಹಾಕ್ಕೋತಾನೆ.

ಟೈಲರ್: (ಕಾಲರ್ ತಿರುಗಿಸಿ) ‘ಮೇಡ್ ಇನ್ ಇಂಡಿಯಾ’! ನಮ್ಮ ಬೊಮ್ಮನಹಳ್ಳಿ ಗಾರ್ಮೆಂಟ್ಸ್‌ದೇ ಇರಬೇಕು.

ಅಕ್ಕ: ಇಲ್ಲೇ ತಗೊಂಡ್ರೆ ಫಾರಿನ್ ಅಂಗಿ ಅಂತಾರಾ?

ಟೈಲರ್: ಫ್ಯಾಷನ್ ಕಾಲೇಜು ನಿಫ್ಟ್‌ನೋರು ನಮ್ಮ ದೇಶದ 25,000 ಜನರ ಮೈ ಸ್ಕ್ಯಾನ್ ಮಾಡಿ ‘ಇಂಡಿಯಾ ಸೈಜ್’ ತರ್ತಾರಂತೆ.

ಅಕ್ಕ: ಮಗ ಇರೋದು ಅಲ್ಲಲ್ವಾ! ಕೂಲಿ ಎಷ್ಟು?

ಟೈಲರ್: ಎಂಬತ್ತು.

ಅಕ್ಕ: ಎಂಬತ್ತಾ! ಅಂಗೀನೇ ಬರೀ ನಲವತ್ತಂತೆ.

ಟೈಲರ್: ರೂಪಾಯಾ?

ಅಕ್ಕ: ಡಾಲರು.